ಸಾಲ್ಮೊನೆಲ್ಲಾ ಕುಲದಲ್ಲಿ ಪ್ರಭೇದಗಳು ಎರಡೋ, ಎರಡೂವರೆ ಸಾವಿರವೋ?

ಪ್ರಶ್ನೆ: ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗಾಗಿ ರೋಗಕಾರಕ ಬ್ಯಾಕ್ಟೀರಿಯಾಗಳ ಬಗ್ಗೆ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆಯೋಣವೆಂದು ಕುಳಿತವನು, ಸಾಲ್ಮೊನೆಲ್ಲಾ ಎಂಬ ಒಂದು ಹೆಸರಿನ ಬಳಿ ಮೂರು ದಿನಗಳಿಂದ ನಿಂತುಬಿಟ್ಟಿದ್ದೇನೆ.

ದ್ವಿತೀಯ ಪಿಯುಸಿ ಪಠ್ಯದಲ್ಲಿ ಟೈಫಾಯ್ಡ್ ಉಂಟುಮಾಡುವ ಬ್ಯಾಕ್ಟೀರಿಯಾದ ಹೆಸರು ಸಾಲ್ಮೊನೆಲ್ಲಾ ಟೈಫಿ ಎಂದಿದೆ. ಕುಲದ ಹೆಸರು ಮೊದಲು, ಪ್ರಭೇದದ ಹೆಸರು ನಂತರ ಎಂಬ ದ್ವಿನಾಮ ಪದ್ಧತಿಯನ್ನು ನಾವೇ ಪ್ರಥಮ ವರ್ಷದಲ್ಲಿ ಕಲಿಸಿರುವುದರಿಂದ, ಟೈಫಿ ಎಂಬುದು ಒಂದು ಪ್ರಭೇದ ಎಂದು ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ನಾನೂ ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ. ಆದರೆ ನನ್ನ ಬಳಿ ಇರುವ ಹಳೆಯ ಪುಸ್ತಕವೊಂದು ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ ಎನ್ನುತ್ತದೆ, ಈಚಿನ ಪುಸ್ತಕವೊಂದು ಎರಡೇ ಎನ್ನುತ್ತದೆ, ಮತ್ತೊಂದರಲ್ಲಿ ಮೂರು ಎಂದಿದೆ.

ಇದರ ನಡುವೆ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ತಂಗಿಯ ಮಗಳಿಗೆ ಹತ್ತು ದಿನ ಜ್ವರ ಬಿಡದೆ ಎರಡು ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಒಂದು ಲ್ಯಾಬಿನ ವರದಿಯಲ್ಲಿ ‘ಸಾಲ್ಮೊನೆಲ್ಲಾ ಟೈಫಿ’ ಎಂದೂ ಇನ್ನೊಂದರಲ್ಲಿ ‘ಸಾಲ್ಮೊನೆಲ್ಲಾ ಎಂಟೆರಿಕಾ, ಸೀರೋವಾರ್ ಟೈಫಿ’ ಎಂದೂ ಬಂದಿತ್ತು. ತಂಗಿ ಗಾಬರಿಯಿಂದ ಫೋನ್ ಮಾಡಿ, “ಅಣ್ಣಾ, ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಸೇರಿಕೊಂಡಿದೆಯಲ್ಲ” ಎಂದಳು. ಜೀವಶಾಸ್ತ್ರದ ಮೇಷ್ಟ್ರಾಗಿಯೂ ನನ್ನ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ಮಗು ಈಗ ಗುಣವಾಗಿದ್ದಾಳೆ.

ಆದ್ದರಿಂದ ಬಲ್ಲವರು ತಿಳಿಸಬೇಕು. ಈ ಕುಲದಲ್ಲಿ ನಿಜವಾಗಿ ಎಷ್ಟು ಪ್ರಭೇದಗಳಿವೆ, ಸಾವಿರವಿದ್ದದ್ದು ಎರಡಕ್ಕೆ ಇಳಿದದ್ದು ಹೇಗೆ? ಜೊತೆಗೆ ಬರವಣಿಗೆಯ ತೊಡಕೂ ಒಂದಿದೆ. ರೋಮನ್ ಲಿಪಿಯಲ್ಲಿ ಓರೆ ಅಕ್ಷರ, ದೊಡ್ಡ ಅಕ್ಷರಗಳಿಂದ ಪ್ರಭೇದ ಯಾವುದು, ಸೀರೋವಾರ್ ಯಾವುದು ಎಂದು ತಿಳಿಯುತ್ತದೆಯಂತೆ. ನಮ್ಮ ಲಿಪಿಯಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬುದೇ ಇಲ್ಲವಲ್ಲ, ಅಲ್ಲಿ ಏನು ಮಾಡಬೇಕು?

ಉತ್ತರ: ಹಳೆಯ ಲ್ಯಾಬಿನವನು

ಮೇಷ್ಟ್ರೇ, ಮೊದಲು ನಿಮ್ಮ ತಂಗಿಯವರಿಗೆ ಧೈರ್ಯ ಹೇಳಿ. ಎರಡೂ ವರದಿಗಳು ಹೇಳುತ್ತಿರುವುದು ಒಂದೇ ಬ್ಯಾಕ್ಟೀರಿಯಾದ ಹೆಸರನ್ನು. ಒಬ್ಬರು ಮನೆಯಲ್ಲಿ ಕರೆಯುವ ಹೆಸರು ಬರೆದಿದ್ದಾರೆ, ಇನ್ನೊಬ್ಬರು ಆಧಾರ್ ಕಾರ್ಡಿನಲ್ಲಿರುವ ಹೆಸರು ಬರೆದಿದ್ದಾರೆ. ನಾನು ವೈದ್ಯಕೀಯ ಕಾಲೇಜೊಂದರ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ನಾನು ಕೆಲಸಕ್ಕೆ ಸೇರಿದಾಗ ಬರೆಯುತ್ತಿದ್ದ ಹೆಸರಿಗೂ ಬಿಡುವಾಗ ಬರೆಯುತ್ತಿದ್ದ ಹೆಸರಿಗೂ ವ್ಯತ್ಯಾಸವಿತ್ತು, ಆದರೆ ತಟ್ಟೆಯಲ್ಲಿ ಬೆಳೆಯುತ್ತಿದ್ದದ್ದು ಅದೇ ಬ್ಯಾಕ್ಟೀರಿಯಾ.

ಇಂದಿನ ಲೆಕ್ಕದಲ್ಲಿ ಪ್ರಭೇದಗಳು ಎರಡೇ, ಎಂಟೆರಿಕಾ ಮತ್ತು ಬೊಂಗೋರಿ. ಎಂಟೆರಿಕಾದೊಳಗೆ ಆರು ಉಪಪ್ರಭೇದಗಳಿವೆ: ಎಂಟೆರಿಕಾ, ಸಲಾಮೆ, ಅರಿಜೋನೆ, ಡೈಅರಿಜೋನೆ, ಹೂಟೆನೆ ಮತ್ತು ಇಂಡಿಕಾ. ಇವುಗಳ ಒಳಗೆ, ಮೈಮೇಲಿನ ಗುರುತುಗಳಿಂದ ವಿಂಗಡಿಸಿದ ಬಗೆಗಳಾದ ಸೀರೋವಾರ್‌ಗಳಿವೆ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆ 2007ರಲ್ಲಿ ಹೊರತಂದ ಪಟ್ಟಿಯ ಒಂಬತ್ತನೆಯ ಆವೃತ್ತಿಯಲ್ಲಿ ಒಟ್ಟು 2,579 ಸೀರೋವಾರ್‌ಗಳಿದ್ದು, ಬೊಂಗೋರಿಯ ಪಾಲಿಗೆ ಬಂದದ್ದು 22 ಮಾತ್ರ, ಉಳಿದ 2,557 ಎಂಟೆರಿಕಾದವು. ಅವುಗಳಲ್ಲಿ 1,531 ಮೊದಲನೆಯ ಉಪಪ್ರಭೇದಕ್ಕೇ ಸೇರಿವೆ. ಮನುಷ್ಯರಿಂದ ನಾವು ಬೇರ್ಪಡಿಸುವ ಸಾಲ್ಮೊನೆಲ್ಲಾಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಈ ಒಂದೇ ಉಪಪ್ರಭೇದದವು. ಉಳಿದ ಉಪಪ್ರಭೇದಗಳೂ ಬೊಂಗೋರಿಯೂ ಹೆಚ್ಚಾಗಿ ಹಲ್ಲಿ, ಹಾವು, ಆಮೆಗಳ ಕರುಳಿನಲ್ಲಿ ಇರುವಂಥವು. ಬೊಂಗೋರಿ ಎಂಬ ಹೆಸರು ಆಫ್ರಿಕದ ಚಾಡ್ ದೇಶದ ಬೊಂಗೋರ್ ಊರಿನದು, ಅದು ಸಿಕ್ಕಿದ್ದು ಅಲ್ಲಿನ ಒಂದು ಹಲ್ಲಿಯಲ್ಲಿ. ಮೂರು ಎನ್ನುವ ನಿಮ್ಮ ಪುಸ್ತಕ ಸಬ್‌ಟೆರೇನಿಯಾ ಎಂಬುದನ್ನೂ ಸೇರಿಸಿಕೊಂಡಿರಬೇಕು. ಅಮೆರಿಕದಲ್ಲಿ ನೆಲದಾಳದ ಮಣ್ಣಿನಲ್ಲಿ ಸಿಕ್ಕ ಆ ಬ್ಯಾಕ್ಟೀರಿಯಾ ಈ ಕುಲದ್ದೇ ಅಲ್ಲವೆಂದು ನಂತರ ಗೊತ್ತಾಗಿ, ಅದನ್ನು ಅಟ್ಲಾಂಟಿಬ್ಯಾಕ್ಟರ್ ಎಂಬ ಬೇರೆ ಕುಲಕ್ಕೆ ಕಳಿಸಿಕೊಟ್ಟಿದ್ದಾರೆ.

ಇನ್ನು ಸಾವಿರವಿದ್ದದ್ದು ಎರಡಾದ ಕಥೆ. ಈ ಕುಲಕ್ಕೆ ಮೂಲವಾದ ಬ್ಯಾಕ್ಟೀರಿಯಾ ಸಿಕ್ಕಿದ್ದು ಹಂದಿಯಲ್ಲಿ. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ವಿಭಾಗದಲ್ಲಿ ಥಿಯೋಬಾಲ್ಡ್ ಸ್ಮಿತ್ 1885ರಲ್ಲಿ ಇದನ್ನು ಬೇರ್ಪಡಿಸಿ, ಹಂದಿಗಳ ಕಾಲರಾಕ್ಕೆ ಇದೇ ಕಾರಣ ಎಂದುಕೊಂಡರು. ‘ಹಂದಿ ಕಾಲರಾದ’ ಎಂಬ ಅರ್ಥದ ಕಾಲರೆಸುಯಿಸ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. 1900ರಲ್ಲಿ ಲಿನ್ಯೇರ್ ಎಂಬ ಫ್ರೆಂಚ್ ಪಶುವೈದ್ಯರು ಸಾಲ್ಮನ್ ಅವರ ಹೆಸರಿನಿಂದ ಕುಲಕ್ಕೆ ಸಾಲ್ಮೊನೆಲ್ಲಾ ಎಂದು ನಾಮಕರಣ ಮಾಡಿದರು. ಹಂದಿ ಕಾಲರಾಕ್ಕೆ ನಿಜವಾದ ಕಾರಣ ಒಂದು ವೈರಸ್ ಎಂಬುದು ಆಮೇಲೆ ತಿಳಿಯಿತು. ತಾನು ಮಾಡದ ರೋಗದ ಹೆಸರನ್ನು ಹೊತ್ತುಕೊಂಡದ್ದೇ ಈ ಕುಲದ ಹೆಸರಿಗೆ ಆಧಾರವಾದ ಮಾದರಿ ಪ್ರಭೇದವಾಗಿ ಹಲವು ದಶಕ ಕುಳಿತಿತ್ತು. ನಾಮಕರಣದ ಗೊಂದಲ ಈ ಕುಲಕ್ಕೆ ಹುಟ್ಟಿನಿಂದಲೇ ಬಂದದ್ದು.

ಅಲ್ಲಿಂದ ಮುಂದೆ ವರ್ಗೀಕರಣ ನಡೆದದ್ದು ಬ್ಯಾಕ್ಟೀರಿಯಾದ ಮೈಮೇಲಿನ ಗುರುತುಗಳಿಂದ. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಸಕ್ಕರೆಗಳ ಸರಪಳಿ ಹೊತ್ತ ಕೊಬ್ಬಿನ ಅಣುಗಳಿರುತ್ತವೆ. ಆ ಸರಪಳಿಯೇ ‘ಓ’ ಪ್ರತಿಜನಕ, ಅಂದರೆ ದೇಹದ ಪ್ರತಿಕಾಯಗಳು ಹಿಡಿಯುವ ಗುರುತು. ಈಜಲು ಬಳಸುವ ಕಶಾಂಗದ ಪ್ರೋಟೀನು ‘ಎಚ್’ ಪ್ರತಿಜನಕ. ಈ ಅಕ್ಷರಗಳು ಜರ್ಮನ್ ಭಾಷೆಯಿಂದ ಬಂದವು. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಹರಡಿಕೊಳ್ಳುವುದು ಗಾಜಿಗೆ ಉಸಿರು ಬಿಟ್ಟಾಗ ಮೂಡುವ ಮಂಜಿನಂತೆ ಕಾಣುತ್ತದೆ. ಉಸಿರಿಗೆ ಅವರು ಹೌಖ್ ಎನ್ನುತ್ತಾರೆ, ಉಸಿರಿಲ್ಲದೆ ಎಂಬುದಕ್ಕೆ ಓನೆ ಹೌಖ್ ಎನ್ನುತ್ತಾರೆ. ಅದರಿಂದಲೇ ಎಚ್ ಮತ್ತು ಓ.

ಬ್ರಿಟನ್ನಿನ ಬ್ರೂಸ್ ವೈಟ್ 1926ರಲ್ಲಿ ಹಾಕಿದ ಅಡಿಪಾಯದ ಮೇಲೆ ಕೋಪನ್‌ಹೇಗನ್ನಿನಲ್ಲಿ ಫ್ರಿಟ್ಸ್ ಕೌಫ್‌ಮನ್ ಪಟ್ಟಿಯನ್ನು ಬೆಳೆಸಿದರು. 1934ರ ಪಟ್ಟಿಯಲ್ಲಿ ಇದ್ದದ್ದು 44 ಮಾತ್ರ. ಓ ಮತ್ತು ಎಚ್ ಜೋಡಣೆ ಬೇರೆಯಾದರೆ ಅದು ಬೇರೆಯೇ ಪ್ರಭೇದ ಎಂಬುದು ಕೌಫ್‌ಮನ್ ಅವರ ಹಟವಾಗಿತ್ತು. ಹೊಸದು ಸಿಕ್ಕಿದ ಊರಿನ ಹೆಸರನ್ನೇ ಅದಕ್ಕಿಡುವ ರೂಢಿಯೂ ಬೆಳೆಯಿತು; ಲಂಡನ್, ಡಬ್ಲಿನ್, ಪನಾಮಾ, ಮಾಂಟೆವಿಡಿಯೋ ಎಲ್ಲವೂ ಸಾಲ್ಮೊನೆಲ್ಲಾಗಳೇ. ನಮ್ಮ ಉತ್ತರ ಪ್ರದೇಶದ ಬರೇಲಿಯ ಹೆಸರೂ ಅಲ್ಲಿದೆ. ನಿಮ್ಮ ಹಳೆಯ ಪುಸ್ತಕದ ‘ಸಾವಿರ ಪ್ರಭೇದ’ ಈ ಕಾಲದ್ದು.

ಇದು ಮುರಿದದ್ದು ಡಿಎನ್‌ಎ ಹೋಲಿಕೆ ಬಂದಾಗ. ಎರಡು ಬ್ಯಾಕ್ಟೀರಿಯಾಗಳ ಡಿಎನ್‌ಎ ಎಳೆಗಳನ್ನು ಬಿಡಿಸಿ ಒಂದರ ಎಳೆ ಇನ್ನೊಂದರ ಎಳೆಯೊಂದಿಗೆ ಎಷ್ಟರಮಟ್ಟಿಗೆ ಜೋಡಿಯಾಗುತ್ತದೆ ಎಂದು ನೋಡುವ ಈ ವಿಧಾನದಲ್ಲಿ, ಸುಮಾರು 70 ಶೇಕಡಕ್ಕಿಂತ ಹೆಚ್ಚು ಹೊಂದಿದರೆ ಒಂದೇ ಪ್ರಭೇದ ಎಂಬುದು ರೂಢಿಯ ಅಳತೆ. ಕ್ರೋಸಾ ಮತ್ತು ಸಂಗಡಿಗರು 1973ರಲ್ಲಿ ಸಾಲ್ಮೊನೆಲ್ಲಾಗಳನ್ನು ಹೀಗೆ ಅಳೆದಾಗ, ಟೈಫಾಯ್ಡಿನದು, ಇಲಿಯದು, ಹಂದಿಯದು, ಹಲ್ಲಿಯದು ಎಲ್ಲವೂ ಒಂದೇ ಪ್ರಭೇದದ ಮಕ್ಕಳಾಗಿ ನಿಂತವು. ಬೊಂಗೋರಿ ಒಂದು ದೂರ ಉಳಿದು, 1989ರಲ್ಲಿ ಪ್ರತ್ಯೇಕ ಪ್ರಭೇದವಾಯಿತು.

ಆದರೆ ಆ ಒಂದು ಪ್ರಭೇದವನ್ನು ಏನೆಂದು ಕರೆಯುವುದು? ನಿಯಮದಂತೆ ಕಾಲರೆಸುಯಿಸ್ ಎನ್ನಬೇಕಾಗಿತ್ತು, ಆದರೆ ಅದು ಒಂದು ಸೀರೋವಾರ್‌ನ ಹೆಸರೂ ಆಗಿತ್ತು. ಆದ್ದರಿಂದ ಯಾವ ಸೀರೋವಾರ್‌ಗೂ ಇಲ್ಲದ ಎಂಟೆರಿಕಾ ಎಂಬ ಹೆಸರನ್ನು ಒಪ್ಪಬೇಕೆಂದು ಲೆ ಮಿನೋರ್ ಮತ್ತು ಪೋಪೋಫ್ 1987ರಲ್ಲಿ ಕೋರಿಕೆ ಸಲ್ಲಿಸಿದರು. ಬ್ಯಾಕ್ಟೀರಿಯಾಗಳ ನಾಮಕರಣಕ್ಕೆ ನ್ಯಾಯಪೀಠದಂತಿರುವ ಅಂತರರಾಷ್ಟ್ರೀಯ ಆಯೋಗ ಅದನ್ನು ಆಗ ಒಪ್ಪಲಿಲ್ಲ. ಕಾರಣ ಟೈಫಿ. ವರದಿಯಲ್ಲಿ ಎಂಟೆರಿಕಾ ಎಂಬ ಸೌಮ್ಯ ಹೆಸರನ್ನು ಕಂಡ ವೈದ್ಯರು ಟೈಫಾಯ್ಡನ್ನು ಬರಿಯ ಬೇಧಿಯೆಂದು ಬಗೆದು ಕೈಬಿಟ್ಟರೆ ಗತಿಯೇನು ಎಂಬ ಅಂಜಿಕೆ ಅವರದು. ಪ್ರಾಣಕ್ಕೆ ಅಪಾಯ ತರಬಲ್ಲ ಹೆಸರನ್ನು ತಿರಸ್ಕರಿಸಬಹುದು ಎಂಬ ನಿಯಮವೇ ಅವರ ಸಂಹಿತೆಯಲ್ಲಿದೆ. ಅಂತೂ 2005ರಲ್ಲಿ ಆಯೋಗ ತನ್ನ 80ನೆಯ ಅಭಿಪ್ರಾಯದಲ್ಲಿ ಎಂಟೆರಿಕಾವನ್ನೇ ಮಾದರಿ ಪ್ರಭೇದವೆಂದು ಒಪ್ಪಿತು. ಹದಿನೆಂಟು ವರ್ಷ ಹಿಡಿಯಿತು, ನಮ್ಮ ಸಿವಿಲ್ ಕೋರ್ಟಿನ ಜಮೀನು ವ್ಯಾಜ್ಯದಂತೆ.

ನಿಮ್ಮ ಮಕ್ಕಳಿಗೆ ಇದೆಲ್ಲ ಒಣ ಚರಿತ್ರೆಯಾಗಬಾರದೆಂದರೆ ಒಂದು ಸ್ಲೈಡಿನ ಮೇಲೆ ನಡೆಯುವುದನ್ನು ವರ್ಣಿಸಿ ಹೇಳಿ. ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿನ ಒಂದು ಹನಿಯಲ್ಲಿ ಬ್ಯಾಕ್ಟೀರಿಯಾವನ್ನು ಕದಡಿದರೆ ಅಕ್ಕಿ ತೊಳೆದ ನೀರಿನಂತೆ ಸಮನಾಗಿ ಬೆಳ್ಳಗಿರುತ್ತದೆ. ಅದಕ್ಕೆ ಓ 9ರ ಸೀರಂ, ಅಂದರೆ ಓ ಪ್ರತಿಜನಕದ 9ನೆಯ ಬಗೆಯನ್ನು ಹಿಡಿಯುವ ಪ್ರತಿಕಾಯಗಳಿರುವ ಸೀರಂ, ಒಂದು ಹನಿ ಸೇರಿಸಿ, ಪಟ್ಟಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ಓಲಿಸಿದರೆ, ಅರ್ಧ ನಿಮಿಷದೊಳಗೆ ಹಾಲು ಒಡೆದ ಹಾಗೆ ಕಣಕಣವಾಗಿ ತಿಳಿನೀರು ಬೇರೆಯಾಗುತ್ತದೆ. ಆದರೆ ರೋಗಿಯ ರಕ್ತದಿಂದ ಆಗತಾನೇ ಬೆಳೆಸಿದ ಟೈಫಿ ಎಷ್ಟೋ ಸಲ ಹೀಗೆ ಒಡೆಯುವುದೇ ಇಲ್ಲ. ವಿಐ ಎಂಬ ಇನ್ನೊಂದು ಪ್ರತಿಜನಕ ಅದರ ಮೈಗೆ ಕಂಬಳಿಯಂತೆ ಹೊದ್ದಿರುತ್ತದೆ, ಅಡಿಯಲ್ಲಿರುವ ಓ ಸೀರಂಗೆ ಸಿಗುವುದಿಲ್ಲ. ಆಗ ಆ ಬ್ಯಾಕ್ಟೀರಿಯಾದ ಕದಡನ್ನು ಕೊಳವೆಯಲ್ಲಿ ಹಾಕಿ ಕುದಿನೀರಿನಲ್ಲಿ ಇಟ್ಟು, ಆರಿಸಿ, ಮತ್ತೆ ಅದೇ ಸೀರಂ ಹಾಕಿದರೆ ಕಣ್ಣೆದುರೇ ಒಡೆಯುತ್ತದೆ. ಹೀಗೆ ಒಂದೊಂದಾಗಿ ನೋಡಿ ಬರೆಯುವ ಸೂತ್ರವೇ ಸೀರೋವಾರ್. ಟೈಫಿಯ ಸೂತ್ರದಲ್ಲಿ ಓ 9 ಮತ್ತು 12, ಮೇಲೆ ವಿಐ, ಕಶಾಂಗದ ಜಾಗದಲ್ಲಿ ‘ಡಿ’ ಇರುತ್ತದೆ.

ಉತ್ತರ: ಕೋಳಿ ಡಾಕ್ಟ್ರಮ್ಮ

ಮೇಲಿನ ಹಿರಿಯರು ಬರೆದದ್ದಕ್ಕೆ ಪಶುವೈದ್ಯೆಯಾಗಿ ನಾನೊಂದು ಮಾತು ಸೇರಿಸುತ್ತೇನೆ, ಏಕೆಂದರೆ ಸೀರೋವಾರ್ ಎಂಬ ಅಳತೆಗೋಲು ಎಲ್ಲಿ ಸಾಲದಾಗುತ್ತದೆ ಎಂಬುದು ನಮ್ಮ ಕೋಳಿಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಕೋಳಿ ಸಾಕಣೆಯಲ್ಲಿ ಎರಡು ಹಳೆಯ ರೋಗಗಳಿವೆ. ಒಂದು ಪುಲ್ಲೋರಮ್, ಮೊಟ್ಟೆಯೊಡೆದು ಬಂದ ಮೊದಲ ಎರಡು ಮೂರು ವಾರಗಳಲ್ಲಿ ಮರಿಗಳನ್ನು ಸಾಲುಸಾಲಾಗಿ ಕೊಲ್ಲುವುದು. ಮರಿಯ ಹಿಂಭಾಗಕ್ಕೆ ಸುಣ್ಣದಂಥ ಬಿಳಿ ಹಿಕ್ಕೆ ಮೆತ್ತಿಕೊಂಡಿರುತ್ತದೆ. ಇನ್ನೊಂದು ಕೋಳಿ ಟೈಫಾಯ್ಡ್, ಬೆಳೆದ ಕೋಳಿಗಳಿಗೂ ಬರುವಂಥದ್ದು. ಹಿಂದೆ ಇವೆರಡಕ್ಕೂ ಎರಡು ಪ್ರಭೇದಗಳ ಹೆಸರಿತ್ತು. ಆದರೆ ಎರಡರ ಸೂತ್ರವೂ ಅದೇ, ಓ 1, 9 ಮತ್ತು 12. ಕಶಾಂಗವೇ ಇಲ್ಲದ್ದರಿಂದ ಎಚ್ ಜಾಗದಲ್ಲಿ ಎರಡು ಗೆರೆಗಳು. ಸೂತ್ರ ಒಂದೇ ಆದ ಮೇಲೆ ಸೀರೋವಾರ್ ಕೂಡ ಒಂದೇ ಆಗಬೇಕು, ಆದ್ದರಿಂದ ಎರಡನ್ನೂ ಗ್ಯಾಲಿನೇರಮ್ ಎಂಬ ಒಂದು ಸೀರೋವಾರ್‌ನೊಳಗೆ ಸೇರಿಸಿ, ರಾಸಾಯನಿಕ ಪರೀಕ್ಷೆಗಳಲ್ಲಿ ಬೇರೆಯಾಗಿ ಕಾಣುವ ಎರಡು ಬಯೋವಾರ್‌ಗಳೆಂದು ಬಿಟ್ಟಿದ್ದಾರೆ. ಡಲ್ಸಿಟಾಲ್ ಎಂಬ ಸಕ್ಕರೆಯ ಜಾತಿಯ ವಸ್ತುವನ್ನು ಗ್ಯಾಲಿನೇರಮ್ ಹುದುಗಿಸುತ್ತದೆ, ಪುಲ್ಲೋರಮ್ ಹುದುಗಿಸುವುದಿಲ್ಲ. ಆರ್ನಿಥೀನ್ ಪರೀಕ್ಷೆಯಲ್ಲಿ ಇದು ತಿರುವುಮುರುವಾಗುತ್ತದೆ. ಕಾಗದದ ಮೇಲೆ ಅವು ಅವಳಿಗಳು, ಶೆಡ್ಡಿನಲ್ಲಿ ನೋಡಿದರೆ ಎರಡು ರೋಗಗಳು.

ಇನ್ನೊಂದು ತೊಡಕು ನಾನೇ ಅನುಭವಿಸಿದ್ದು. ಫಾರಂನಲ್ಲಿ ಬಿಳಿ ಹೆಂಚಿನ ಬಿಲ್ಲೆಯ ಮೇಲೆ, ನೇರಳೆ ಬಣ್ಣ ಹಾಕಿದ ಪುಲ್ಲೋರಮ್ ಪ್ರತಿಜನಕದ ಹನಿಗೆ ಕೋಳಿಯ ರೆಕ್ಕೆಯ ನರದಿಂದ ತೆಗೆದ ಒಂದು ಹನಿ ರಕ್ತ ಬೆರೆಸಿ ನೋಡುತ್ತೇವೆ. ನೇರಳೆ ಚುಕ್ಕೆಗಳು ಮೂಡಿದರೆ ಕೋಳಿ ಸೋಂಕಿತ ಎಂದು ಲೆಕ್ಕ. ಹೀಗೆ ಚುಕ್ಕೆ ಮೂಡಿದ ಒಂದು ಹಿಂಡಿನ ಕೋಳಿಗಳನ್ನು ಕೊಯ್ದು ಬೆಳೆಸಿ ನೋಡಿದಾಗ ಸಿಕ್ಕಿದ್ದು ಎಂಟೆರಿಟೈಡಿಸ್. ಅದರ ಮೈಮೇಲೂ ಓ 9 ಇರುವುದರಿಂದ ಪರೀಕ್ಷೆ ಅದನ್ನೂ ಹಿಡಿದಿತ್ತು. ಮರಿಗಳನ್ನು ಕೊಲ್ಲುವ ಪುಲ್ಲೋರಮ್ ಮನುಷ್ಯರಿಗೆ ಅಷ್ಟಾಗಿ ತಾಗುವುದಿಲ್ಲ. ಎಂಟೆರಿಟೈಡಿಸ್ ಕೋಳಿಯನ್ನು ಗಟ್ಟಿಮುಟ್ಟಾಗಿಯೇ ಇಟ್ಟು, ಮೊಟ್ಟೆಯ ಮೂಲಕ ಉಣ್ಣುವವರ ಹೊಟ್ಟೆ ಕೆಡಿಸುತ್ತದೆ. ಮಾಲೀಕರಿಗೆ ಇದನ್ನು ವಿವರಿಸಲು ನನಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ಟೈಫಾಯ್ಡ್ ಶಂಕೆಯಿದ್ದಾಗ ರೋಗಿಯ ರಕ್ತದಲ್ಲಿ ಪ್ರತಿಕಾಯ ಹುಡುಕುವ ವಿಡಾಲ್ ಪರೀಕ್ಷೆಯಲ್ಲೂ ಇದೇ ಕಥೆಯಲ್ಲವೇ? ವರದಿಯಲ್ಲಿ ಟಿಓ, ಟಿಎಚ್, ಎಎಚ್, ಬಿಎಚ್ ಎಂದು ನಾಲ್ಕು ಸಾಲು ಇರುತ್ತವೆ. ಟಿಓ ಎಂಬುದು ಟೈಫಿಗಷ್ಟೇ ಸೇರಿದ ಸೊತ್ತಲ್ಲ, ಓ 9 ಮತ್ತು 12 ಹೊತ್ತ ಬೇರೆಯವುಗಳ ಸೋಂಕು ಆಗಿದ್ದರೂ ಅದು ಏರಬಹುದು. ಮೇಷ್ಟ್ರ ಪಠ್ಯದಲ್ಲಿ ಟೈಫಾಯ್ಡನ್ನು ವಿಡಾಲ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು ಎಂಬ ಒಂದು ಸಾಲಿದೆ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದಾದರೂ ‘ರಕ್ತದ ಕಲ್ಚರ್’ ಎಂದು ಬರೆದುಕೊಳ್ಳಲು ಮಕ್ಕಳಿಗೆ ಹೇಳಿ ಎಂಬುದು ನನ್ನ ಕೋರಿಕೆ.

ಪ್ರತಿಕ್ರಿಯೆ: ಮಲೆನಾಡ ಮೇಷ್ಟ್ರು

ಇಬ್ಬರಿಗೂ ಕೃತಜ್ಞತೆಗಳು. ಉಪ್ಪುನೀರಿನ ಹನಿ ಒಡೆಯುವ ವರ್ಣನೆಯನ್ನು ಹಾಗೆಯೇ ತರಗತಿಗೆ ಒಯ್ಯುತ್ತೇನೆ. ಆದರೆ ನನ್ನ ಸಂಶಯ ಈಗ ಒಂದು ಮೆಟ್ಟಿಲು ಕೆಳಗಿಳಿದಿದೆ. ಡಿಎನ್‌ಎಯ ಪ್ರಕಾರ ಎಲ್ಲವೂ ಒಂದೇ ಪ್ರಭೇದ. ರೋಗದ ದೃಷ್ಟಿಯಲ್ಲಿ ಟೈಫಿ ಬೇರೆ, ಎಂಟೆರಿಟೈಡಿಸ್ ಬೇರೆ. ಇವೆರಡರ ನಡುವೆ ಮೈಮೇಲಿನ ಗುರುತಿನಿಂದ ಮಾಡಿದ ಸೀರೋವಾರ್. ಒಂದೇ ಸೀರೋವಾರ್‌ಗೆ ಸೇರಿದವೆಲ್ಲ ಒಂದೇ ವಂಶದವು ಎಂದು ಮಕ್ಕಳಿಗೆ ಹೇಳಬಹುದೇ? ಅಥವಾ ಅದು ಸಮವಸ್ತ್ರ ಒಂದೇ ಆದ ಮಾತ್ರಕ್ಕೆ ಒಂದೇ ಮನೆಯ ಮಕ್ಕಳು ಎಂದ ಹಾಗಾಗುತ್ತದೆಯೇ?

ಉತ್ತರ: ನಾಲ್ಕಕ್ಷರದ ಓದುಗ

ಸಮವಸ್ತ್ರದ ಹೋಲಿಕೆ ಚೆನ್ನಾಗಿದೆ, ಅದನ್ನೇ ಹಿಡಿದು ಉತ್ತರಿಸುತ್ತೇನೆ. ನಾನು ಬ್ಯಾಕ್ಟೀರಿಯಾಗಳ ಜೀನೋಮ್ ಓದುವ ಕೆಲಸದಲ್ಲಿರುವವನು. ಸ್ಲೈಡ್ ಓಲಿಸಿದ ಅನುಭವ ನನಗಿಲ್ಲ, ಕಂಪ್ಯೂಟರಿನ ಮುಂದೆ ಕುಳಿತೇ ಸಾಲ್ಮೊನೆಲ್ಲಾಗಳನ್ನು ನೋಡಿದವನು.

ಟೈಫಿಯ ಮಟ್ಟಿಗೆ ಸಮವಸ್ತ್ರವೂ ಒಂದೇ, ಮನೆಯೂ ಒಂದೇ. ಜಗತ್ತಿನ ಯಾವ ಮೂಲೆಯ ಟೈಫಿಯನ್ನು ತಂದು ಓದಿದರೂ ಜೀನೋಮ್‌ನಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ, ಎಲ್ಲವೂ ಒಂದೇ ಪೂರ್ವಜನ ಸಂತಾನ. ಆದರೆ ನ್ಯೂಪೋರ್ಟ್ ಎಂಬ ಸೀರೋವಾರ್ ಹಾಗಲ್ಲ. ಜೀವಕೋಶದ ದಿನನಿತ್ಯದ ಕೆಲಸಕ್ಕೆ ಬೇಕಾದ ಏಳು ಜೀನುಗಳ ತುಣುಕುಗಳನ್ನು ಓದಿ ಹೋಲಿಸುವ ಎಂಎಲ್‌ಎಸ್‌ಟಿ ಎಂಬ ವಿಧಾನದಲ್ಲಿ, ನ್ಯೂಪೋರ್ಟ್ ಒಂದಕ್ಕಿಂತ ಹೆಚ್ಚು ವಂಶಗಳಾಗಿ ಒಡೆದುಹೋಗುತ್ತದೆ. ಓ ಸರಪಳಿಯನ್ನು ಕಟ್ಟುವ ಜೀನುಗಳ ಗುಚ್ಛವಾಗಲಿ ಕಶಾಂಗದ ಜೀನಾಗಲಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು; ಹಾಗೆ ದಾಟಿದಾಗ ದೂರದ ಎರಡು ವಂಶಗಳು ಅಕಸ್ಮಾತ್ತಾಗಿ ಒಂದೇ ಅಂಗಿ ತೊಟ್ಟು ನಿಲ್ಲುತ್ತವೆ. ಆಕ್ಟ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಇದನ್ನೇ ಮುಂದಿಟ್ಟು, ಸೀರೋವಾರ್‌ಗಳ ಬದಲು ಈ ವಂಶಗುಂಪುಗಳನ್ನೇ ವರ್ಗೀಕರಣಕ್ಕೆ ಬಳಸಬೇಕೆಂದು ವಾದಿಸಿದರು.

ಅಂಗಿ ಕಳಚಿದವೂ ಇವೆ. ಸಾಲ್ಮೊನೆಲ್ಲಾಗೆ ಸಾಮಾನ್ಯವಾಗಿ ಎರಡು ಬಗೆಯ ಕಶಾಂಗ ಪ್ರೋಟೀನುಗಳಿದ್ದು, ಅದು ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೊರತೆಗೆಯುತ್ತಿರುತ್ತದೆ. ಇಲಿಯ ಟೈಫಾಯ್ಡ್ ಎಂಬ ಅರ್ಥದ ಟೈಫಿಮ್ಯೂರಿಯಮ್‌ನ ಸೂತ್ರದಲ್ಲಿ ಮೊದಲ ಹಂತಕ್ಕೆ ‘ಐ’, ಎರಡನೆಯದಕ್ಕೆ ‘1,2’ ಎಂದಿದೆ. ಯುರೋಪಿನ ಹಂದಿಗಳಲ್ಲಿ ಹರಡಿದ ಒಂದು ಬಳಗ ಎರಡನೆಯ ಹಂತದ ಜೀನನ್ನೇ ಕಳೆದುಕೊಂಡಿದೆ. ಸೀರಂನಿಂದ ನೋಡಿದರೆ ಸೂತ್ರ ಬೇರೆ, ಆದ್ದರಿಂದ ಹೆಸರಿಲ್ಲದೆ ಬರಿಯ ಅಂಕಿ, ಅಕ್ಷರ ಮತ್ತು ಒಂದು ಗೆರೆಯಿಂದ ಅದನ್ನು ಗುರುತಿಸುತ್ತಾರೆ. ಜೀನೋಮ್ ಓದಿದರೆ ಅದು ಟೈಫಿಮ್ಯೂರಿಯಮ್ ಮನೆಯ ಕೂಸೇ.

ಇದೆಲ್ಲ ಓದಿ ಸೀರೋವಾರ್ ಪದ್ಧತಿ ಸತ್ತೇ ಹೋಯಿತು ಎಂದುಕೊಳ್ಳಬೇಡಿ. ಆಕ್ಟ್‌ಮನ್ ಅವರ ವಾದ ವಿಜ್ಞಾನದ ದೃಷ್ಟಿಯಿಂದ ಸರಿಯೆಂದು ನಾನು ಒಪ್ಪುತ್ತೇನೆ, ಆದರೂ ಹೆಸರನ್ನು ಬಿಡುವುದು ಜಾಣತನವಲ್ಲ. ನೂರು ವರ್ಷಗಳ ದಾಖಲೆ ಆ ಹೆಸರುಗಳಲ್ಲಿದೆ. ಈಗ ಜೀನೋಮ್ ಓದಿದ ಮೇಲೂ ಓ ಮತ್ತು ಎಚ್ ಜೀನುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಸೀರೋವಾರ್ ಯಾವುದೆಂದು ಊಹಿಸುವ ತಂತ್ರಾಂಶಗಳನ್ನೇ ನಾವು ದಿನವೂ ಬಳಸುತ್ತೇವೆ. ಸ್ಲೈಡ್ ಹೋಯಿತು, ಸ್ಲೈಡಿನ ಹೆಸರು ಉಳಿಯಿತು.

ರೋಗ ಬೇರೆ ಏಕೆ ಎಂಬುದಕ್ಕೂ ಜೀನೋಮ್ ಒಂದು ಸುಳಿವು ಕೊಡುತ್ತದೆ. 2001ರಲ್ಲಿ ಟೈಫಿಯ ಮತ್ತು ಟೈಫಿಮ್ಯೂರಿಯಮ್‌ನ ಜೀನೋಮ್‌ಗಳು ಪ್ರಕಟವಾದವು. ಎರಡೂ ಸುಮಾರು 48 ಲಕ್ಷ ಅಕ್ಷರಗಳಷ್ಟು ಉದ್ದ. ಟೈಫಿಯಲ್ಲಿ ಇನ್ನೂರಕ್ಕೂ ಹೆಚ್ಚು ಜೀನುಗಳು ಕೆಟ್ಟು ನಿಂತಿದ್ದವು, ಟೈಫಿಮ್ಯೂರಿಯಮ್‌ನಲ್ಲಿ ನಲವತ್ತರ ಆಸುಪಾಸು ಮಾತ್ರ. ಟೈಫಿಮ್ಯೂರಿಯಮ್ ಇಲಿ, ಹಂದಿ, ಕೋಳಿ, ದನ, ಮನುಷ್ಯ ಯಾರ ಕರುಳಿನಲ್ಲಾದರೂ ಬದುಕಬೇಕು. ಟೈಫಿ ಮನುಷ್ಯನೊಬ್ಬನನ್ನೇ ನೆಚ್ಚಿಕೊಂಡಿದೆ. ನೂರು ಊರು ತಿರುಗುವವನಿಗೆ ಬೇಕಾದ ಸಾಮಾನು ಒಂದೇ ಮನೆಯಲ್ಲಿ ಕಾಲ ಕಳೆಯುವವನಿಗೆ ಬೇಡವಾಗಿ ತುಕ್ಕು ಹಿಡಿದಿದೆ. ಕೋಳಿಯನ್ನೇ ನೆಚ್ಚಿದ ಗ್ಯಾಲಿನೇರಮ್‌ನಲ್ಲೂ ಹೀಗೆಯೇ ಕೆಟ್ಟ ಜೀನುಗಳು ತುಂಬಿವೆ ಎಂಬುದನ್ನು ಡಾಕ್ಟ್ರಮ್ಮನವರು ಗಮನಿಸಬಹುದು.

ಹೆಸರು ಇನ್ನೂ ಕೆಳಗಿನ ಮಟ್ಟಕ್ಕೆ ಇಳಿದಿರುವುದನ್ನೂ ಹೇಳಬೇಕು. ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ 2016ರಿಂದ ಹರಡಿದ, ಪ್ರತಿಜೀವಕ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್, ಟೈಫಿಯೊಳಗಿನ ಎಚ್58 ಎಂಬ ವಂಶದ್ದು (ಈ ಎಚ್ ಕಶಾಂಗದ ಎಚ್ ಅಲ್ಲ). ಅಲ್ಲಿ ಪ್ರಭೇದ, ಉಪಪ್ರಭೇದ, ಸೀರೋವಾರ್ ಮೂರನ್ನೂ ಹೇಳಿ ಮುಗಿಸಿದರೂ ವೈದ್ಯರಿಗೆ ಬೇಕಾದ ಮಾತು ಬಂದಿರುವುದಿಲ್ಲ.

ಪ್ರತಿಕ್ರಿಯೆ: ಮಲೆನಾಡ ಮೇಷ್ಟ್ರು

ಟಿಪ್ಪಣಿಗೆ ಒಂದು ವಾಕ್ಯ ಬರೆದಿದ್ದೇನೆ, ತಿದ್ದಿಕೊಡಿ: “ಟೈಫಾಯ್ಡ್ ಅಥವಾ ವಿಷಮಶೀತ ಜ್ವರಕ್ಕೆ ಕಾರಣವಾಗುವುದು ಸಾಲ್ಮೊನೆಲ್ಲಾ ಕುಲದ ಎಂಟೆರಿಕಾ ಪ್ರಭೇದದ ಟೈಫಿ ಎಂಬ ಉಪಪ್ರಭೇದ, ಇದನ್ನು ಹಿಂದೆ ಸಾಲ್ಮೊನೆಲ್ಲಾ ಟೈಫಿ ಎಂಬ ತಪ್ಪು ಹೆಸರಿನಿಂದ ಕರೆಯುತ್ತಿದ್ದರು.”

ಉತ್ತರ: ಹಳೆಯ ಲ್ಯಾಬಿನವನು

ಎರಡು ಕಡೆ ತಿದ್ದಬೇಕು ಮೇಷ್ಟ್ರೇ. ಟೈಫಿ ಉಪಪ್ರಭೇದವಲ್ಲ. ಉಪಪ್ರಭೇದದ ಹೆಸರು ಮತ್ತೆ ಎಂಟೆರಿಕಾ ಎಂದೇ ಇದೆ, ತಂದೆಯ ಹೆಸರನ್ನೇ ಮಗನಿಗೂ ಇಟ್ಟ ಹಾಗೆ. ಅದರೊಳಗಿನ ಸೀರೋವಾರ್ ಟೈಫಿ.

ಎರಡನೆಯದು, ‘ತಪ್ಪು ಹೆಸರು’ ಎಂಬ ಮಾತು. 1980ರಲ್ಲಿ ಬ್ಯಾಕ್ಟೀರಿಯಾಗಳ ಅಂಗೀಕೃತ ಹೆಸರುಗಳ ಪಟ್ಟಿ ಹೊರಬಂದಾಗ ಅದರಲ್ಲಿ ಸಾಲ್ಮೊನೆಲ್ಲಾದ ಐದು ಪ್ರಭೇದಗಳಿದ್ದವು, ಟೈಫಿ ಅವುಗಳಲ್ಲಿ ಒಂದು. ಆಯೋಗದ ಅಧಿಕಾರವಿರುವುದು ಹೆಸರಿನ ಮೇಲೆ ಮಾತ್ರ. ಇವೆಲ್ಲ ಒಂದೇ ಪ್ರಭೇದ ಎಂದು ಒಪ್ಪುವವರು ಆ ಪ್ರಭೇದವನ್ನು ಎಂಟೆರಿಕಾ ಎಂದು ಕರೆಯಬೇಕು ಎಂದಷ್ಟೇ ಅದು ಹೇಳಿದೆ; ಒಪ್ಪಲೇಬೇಕು ಎಂದಿಲ್ಲ. ಇಂದು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದಾರೆ ಎಂಬುದು ಬೇರೆ ಮಾತು. ಆದ್ದರಿಂದ ‘ಹಳೆಯ ಹೆಸರು’ ಎನ್ನಿ.

ಲಿಪಿಯ ತೊಡಕಿಗೆ ನನ್ನ ಉತ್ತರ ಸರಳ. ರೋಮನ್ ಲಿಪಿಯಲ್ಲಿ ಪ್ರಭೇದವನ್ನು ಸಣ್ಣ ಅಕ್ಷರದಿಂದ ಆರಂಭಿಸಿ ಓರೆಯಾಗಿ, ಸೀರೋವಾರ್ ಅನ್ನು ದೊಡ್ಡ ಅಕ್ಷರದಿಂದ ಆರಂಭಿಸಿ ನೆಟ್ಟಗೆ ಬರೆಯುತ್ತಾರೆ. ಕಣ್ಣಿಗೆ ಕಾಣುವ ಆ ಗುರುತು ನಮಗಿಲ್ಲ. ಮುದ್ರಣದಲ್ಲಿ ಕನ್ನಡವನ್ನು ಓರೆ ಮಾಡಿದರೆ ಒತ್ತಕ್ಷರಗಳು ನೋಡಲಾಗದಂತಾಗುತ್ತವೆ. ಹಾಗಾಗಿ ಸೀರೋವಾರ್ ಎಂಬ ಪದವನ್ನು ಹೆಸರಿನ ಮುಂದೆ ಬಿಡದೆ ಬರೆಯುವುದೊಂದೇ ದಾರಿ. ಸೀರೋಟೈಪ್ ಎಂದರೂ ಅದೇ ಅರ್ಥ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಅದನ್ನೇ ಬಳಸಿ. ಇವಕ್ಕೆ ಸಂಸ್ಕೃತದಿಂದ ಹೊಸ ಪದ ಟಂಕಿಸುವ ಉತ್ಸಾಹ ನನಗೂ ಒಂದು ಕಾಲದಲ್ಲಿತ್ತು, ಆದರೆ ಆ ಪದವನ್ನು ಯಾವ ವರದಿಯಲ್ಲೂ ಕಾಣದ ಮಕ್ಕಳಿಗೆ ಅದರಿಂದ ಏನು ಪ್ರಯೋಜನ?

ವಾಕ್ಯ ಹೀಗಿರಲಿ: “ಟೈಫಾಯ್ಡ್‌ಗೆ ಕಾರಣವಾಗುವುದು ಸಾಲ್ಮೊನೆಲ್ಲಾ ಎಂಟೆರಿಕಾ ಪ್ರಭೇದದ, ಎಂಟೆರಿಕಾ ಉಪಪ್ರಭೇದಕ್ಕೆ ಸೇರಿದ, ಸೀರೋವಾರ್ ಟೈಫಿ, ಇದರ ಹಳೆಯ ಹೆಸರು ಸಾಲ್ಮೊನೆಲ್ಲಾ ಟೈಫಿ, ಪಠ್ಯಪುಸ್ತಕದಲ್ಲೂ ಕೆಲವು ಲ್ಯಾಬ್ ವರದಿಗಳಲ್ಲೂ ಇಂದಿಗೂ ಅದೇ ಹೆಸರು ಇರುತ್ತದೆ.” ಪರೀಕ್ಷೆಯಲ್ಲಿ ಮಕ್ಕಳು ಸಾಲ್ಮೊನೆಲ್ಲಾ ಟೈಫಿ ಎಂದು ಬರೆದರೆ ದಯವಿಟ್ಟು ಅಂಕ ಕಳೆಯಬೇಡಿ. ನೀಟ್ ಪ್ರಶ್ನೆಪತ್ರಿಕೆ ಕೇಳುವುದೂ ಅದನ್ನೇ.